ಮೊಬೈಲು ಬಂತು, ಬೆಂಗಳೂರು–ಕಲಬುರಗಿ ಆದಾಯದ ಅಂತರ ತಗ್ಗೀತೇ?

ಪರ

ಪಹಣಿಯಿಂದಲೇ ಶುರು ಮಾಡೋಣ. ಗ್ರಾಮ ಲೆಕ್ಕಿಗರು ಸಿಗಬೇಕು, ಸಿಕ್ಕರೂ ಮನಸ್ಸು ಮಾಡಬೇಕು, ಅದಕ್ಕೆ ಕೈ ಬಿಸಿ ಮಾಡಬೇಕು. ಆ ಅಲೆದಾಟವನ್ನು ನಮ್ಮಪ್ಪನ ತಲೆಮಾರು ಇನ್ನೂ ಮರೆತಿಲ್ಲ. 'ಭೂಮಿ' ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅದೇ ಹಾಳೆ ಕೈಗೆ ಬಂತು. ಕಲಬುರಗಿ ಕಡೆಯ ಆಳಂದದ ರೈತನಿಗೂ ಬೆಂಗಳೂರು ಪಕ್ಕದ ಆನೇಕಲ್ಲಿನ ರೈತನಿಗೂ ಒಂದೇ ದರ. ಬೆಳೆಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತುವವನಿಗೆ ಇದು ಸಣ್ಣ ಸಂಗತಿಯಲ್ಲ.

ಕೇರಳದ ಮತ್ತಿ ಮೀನಿನ ಕತೆ ಇನ್ನೂ ಸ್ಪಷ್ಟ. ಒಂದು ದಡದಲ್ಲಿ ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರೆ, ಸ್ವಲ್ಪ ದೂರದ ಇನ್ನೊಂದು ದಡದಲ್ಲಿ ಮೀನಿಗಾಗಿ ಕಾಯುತ್ತಿದ್ದರು. 1997ರಿಂದ 2001ರ ನಡುವೆ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಗೆ ಮೊಬೈಲ್ ಬಂತು. ದೋಣಿಯಿಂದಲೇ ದರ ಕೇಳಿ ದಡ ಆರಿಸುವುದು ಸಾಧ್ಯವಾಯಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಲೆಕ್ಕದಂತೆ ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು.

ಇವತ್ತು ಗೃಹಲಕ್ಷ್ಮಿಯ 2000 ರೂಪಾಯಿ ಸೇಡಂ ಕಡೆಯ ತಾಯಿಯ ಖಾತೆಗೆ ನೇರ ಬೀಳುತ್ತದೆ. ಬೆಂಗಳೂರಲ್ಲಿ ಗಾರೆ ಕೆಲಸ ಮಾಡುವ ಮಗ ಸಂಜೆ ಫೋನ್‌ಪೇ ಮಾಡಿದರೆ ಊರಿನ ಕಿರಾಣಿ ಅಂಗಡಿಯ ಬಾಕಿ ಆಗಲೇ ತೀರುತ್ತದೆ.

ವಿರೋಧ

ಆ ಮಗ ಬೆಂಗಳೂರಲ್ಲಿದ್ದಾನಲ್ಲ, ನನ್ನ ತಕರಾರು ಅಲ್ಲಿಂದಲೇ. ಊರಿಗೆ ಬರುವುದು ದುಡ್ಡು ಮಾತ್ರ, ದುಡಿಮೆಯಲ್ಲ.

1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಅಮೆರಿಕಕ್ಕೆ ಕೆಲಸ ಕಳಿಸತೊಡಗಿತು. ಸಮುದ್ರದಾಚೆಯ ದೂರ ಕರಗಿತು. ಆದರೆ ಕಂಪನಿ ಬಂದಿಳಿದದ್ದು ಐಐಎಸ್‌ಸಿ, ಎಚ್‌ಎಎಲ್, ಬಿಇಎಲ್ ಮೊದಲೇ ಬೇರುಬಿಟ್ಟಿದ್ದ ಊರಿಗೆ. ಒಂದನ್ನು ನೋಡಿ ಇನ್ನೊಂದು ಬಂತು. 17 ವರ್ಷಗಳ ಬಳಿಕ, 2002ರಲ್ಲಿ, ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ರಾಜ್ಯ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ. ಈಗಲೂ ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದ್ದು.

ಮೀನಿನ ಲೆಕ್ಕ ತೊಗರಿಗೆ ಹೊಂದುವುದಿಲ್ಲ. ಕಲಬುರಗಿ ಮಾರುಕಟ್ಟೆಯಲ್ಲಿ ಚೀಲಗಳ ಮೇಲೆ ಕೂತಿದ್ದ ರೈತರೊಬ್ಬರ ಮೊಬೈಲಿನಲ್ಲಿ ಆ ದಿನದ ದರವೆಲ್ಲ ಇತ್ತು. ಬೇರೆ ಕಡೆ ಹೆಚ್ಚಿದೆಯಲ್ಲ ಅಂದೆ. "ದರ ಗೊತ್ತದರಿ. ಬೀಜಕ್ಕ, ಗೊಬ್ಬರಕ್ಕ ರೊಕ್ಕ ಕೊಟ್ಟಾವ ಈ ಅಡತಿ. ಬ್ಯಾರೆ ಅಂಗಡಿಗಿ ಹ್ಯಾಂಗ ಒಯ್ಲಿ?" ಅಂದರು. ಅಡತಿ ಅಂದರೆ ಮಾರುಕಟ್ಟೆಯ ದಲ್ಲಾಳಿ. ಚೀಲದ ಬಾಯಿ ಹೊಲಿದಿತ್ತು, ಒಳಗಿನ ಕಾಳು ಬಿತ್ತನೆಯ ದಿನವೇ ಇನ್ನೊಬ್ಬರ ಪಾಲಾಗಿತ್ತು. ಅವರಿಗೆ ಬೇಕಿದ್ದದ್ದು ದರದ ಮಾಹಿತಿಯಲ್ಲ, ಕಾಯುವ ಶಕ್ತಿ. ಅದು ಬರುವುದು ಹತ್ತಿರದ ಗೋದಾಮಿನಿಂದ, ಅಲ್ಲಿಟ್ಟ ಕಾಳಿನ ರಸೀದಿಯ ಮೇಲೆ ಸಿಗುವ ಸಾಲದಿಂದ.

ಮಕ್ಕಳ ವಿಷಯ ಇನ್ನೂ ನೋವಿನದು. 2020ರಲ್ಲಿ ಶಾಲೆ ಮುಚ್ಚಿದಾಗ ಒಂದು ಮನೆಯಲ್ಲಿ ಮೂವರು ಮಕ್ಕಳು, ಒಂದೇ ಮೊಬೈಲು. ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ. ಬಿಸಿಲಿಗೆ ಸೆರಗು ಹಿಡಿದು ತಾಯಿ ನಿಂತಿದ್ದಳು, ಪಾಠ ಸಿಕ್ಕಿದ್ದು ಹತ್ತನೇ ತರಗತಿಯ ಹಿರಿಯನಿಗೆ. ಉಳಿದಿಬ್ಬರು ಕೂಲಿಗೆ ಹೋದರು. ಶಾಲೆ ತೆರೆದ ಮೇಲೆ ಒಬ್ಬಳು ಮಾತ್ರ ವಾಪಸು ಬಂದಳು.