ಜನವರಿ ಒಂದರಂದು ಹುಟ್ಟಿದವರು

ಹೊಸ ಕೆಲಸಗಾರರಿಗೆ ಐಡಿ ಕಾರ್ಡ್ ಮಾಡಿಸಬೇಕಿತ್ತು. ಹದಿನಾಲ್ಕು ಹೆಸರಿನ ಪಟ್ಟಿ ಬಂತು. ಅದರಲ್ಲಿ ಹನ್ನೊಂದು ಜನರ ಹುಟ್ಟಿದ ದಿನ ಜನವರಿ 1! ಆಗ ನಾನು ದಕ್ಷಿಣ ಸುಡಾನ್‌ನ ಜೂಬಾಕ್ಕೆ ಬಂದ ಹೊಸದು. ಯಾರೋ ಸೋಮಾರಿ ಕಾಪಿ ಹೊಡೆದಿದ್ದಾನೆ ಅಂದುಕೊಂಡು ವಾಪಸ್ ಕಳಿಸಿದೆ. ಗೋಡೌನಿನ ಹುಡುಗ ಅದೇ ಪಟ್ಟಿಯನ್ನು ಮತ್ತೆ ತಂದಿಟ್ಟು "ಮಾಫಿ ಮುಷ್ಕಿಲಾ" ಅಂದ. ತೊಂದರೆ ಇಲ್ಲ ಅಂತ. ಇಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ತೊಂದರೆ ಇದ್ದಾಗ ಇನ್ನೂ ಜಾಸ್ತಿ.

ಗುಂಡಿನ ಸದ್ದಿಗೆ ಊರು ಬಿಟ್ಟು ಓಡುವ ತಾಯಿ ತಾರೀಖು ಎಲ್ಲಿ ಬರೆದಿಡುತ್ತಾಳೆ? ಮುಂದೆ ಯಾವುದೋ ಕ್ಯಾಂಪಿನಲ್ಲಿ, ಯಾರೋ ಫಾರಂ ತುಂಬುವಾಗ ಜನವರಿ 1 ಅಂತ ಹಾಕಿರುತ್ತಾರೆ. ನನಗೇನೂ ನಗು ಬರಲಿಲ್ಲ. ನಮ್ಮಪ್ಪನ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದು. ಅಜ್ಜಿಯನ್ನು ಕೇಳಿದರೆ "ಕಾರಹುಣ್ಣಿಮೆ ಆಗಿ ನಾಲ್ಕು ದಿನಕ್ಕೆ" ಅನ್ನುತ್ತಿದ್ದಳು. ಯಾವ ವರ್ಷದ ಕಾರಹುಣ್ಣಿಮೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಸಂಜೆ ನಮ್ಮವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ: "ಇವರಿಗೆ ದೇಶ ನಡೆಸೋಕೆ ಬರಲ್ಲ ಕಣ್ರೀ, ಸುಮ್ನೆ ಸ್ವಾತಂತ್ರ್ಯ ಕೊಟ್ಟರು." ನನಗೆ ಮೈ ಉರಿಯುತ್ತದೆ. ಕೊಟ್ಟವರು ಯಾರು? 1983ರಿಂದ 2005ರವರೆಗೆ ಸುಡಾನ್ ಸರ್ಕಾರದ ಜೊತೆ ಯುದ್ಧ. ಅದಕ್ಕೂ ಹಿಂದೆ ಇನ್ನೊಂದು. 2011ರ ಜನವರಿಯಲ್ಲಿ ಮತ ಹಾಕಿದವರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಜನ ಸುಡಾನ್‌ನಿಂದ ಬೇರೆಯಾಗುತ್ತೇವೆ ಅಂದರು. ಆ ಜುಲೈ 9ಕ್ಕೆ ದೇಶವಾಯಿತು. ನಮಗೆ 1947ರಲ್ಲಿ ರೈಲಿತ್ತು, ಕೋರ್ಟಿತ್ತು, ಕಾಲೇಜಿತ್ತು. ಇವರಿಗೆ ಜೂಬಾದಿಂದ ಉಗಾಂಡಾ ಗಡಿಯ ನಿಮುಲೆಗೆ 192 ಕಿ.ಮೀ. ಡಾಂಬರು ರಸ್ತೆ ಆಗಿದ್ದೇ 2012ರಲ್ಲಿ. ಆ ಮಾತಾಡುವವರ ತಟ್ಟೆಯ ಟೊಮೆಟೊ ಕೂಡ ಬಹುಪಾಲು ಅದೇ ದಾರಿಯಲ್ಲಿ ಬಂದದ್ದು.

ಹಾಗಂತ ಇಲ್ಲಿನ ನಾಯಕರ ಪರ ವಕಾಲತ್ತು ಮಾಡುತ್ತಿಲ್ಲ. ಅಧ್ಯಕ್ಷ ಸಾಲ್ವಾ ಕೀರ್, ಉಪಾಧ್ಯಕ್ಷರಾಗಿದ್ದ ರಿಯೆಕ್ ಮಚಾರ್ ಜಗಳ 2013ರ ಡಿಸೆಂಬರಿನಲ್ಲಿ ಯುದ್ಧವಾಯಿತು, ದೇಶಕ್ಕೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. 2024ಕ್ಕೆ ಇದ್ದ ಚುನಾವಣೆಯನ್ನು 2026ಕ್ಕೆ ತಳ್ಳಿದರು. ಸರ್ಕಾರಿ ನೌಕರರು ತಿಂಗಳುಗಟ್ಟಲೆ ಸಂಬಳ ಕಂಡಿಲ್ಲ. ಆದರೆ ಬೈಸಿಕೊಳ್ಳಬೇಕಾದವರು ಗೋಡೌನಿನ ಹುಡುಗರಲ್ಲ, ಅಲ್ವಾ?

2016ರ ಜುಲೈನಲ್ಲಿ ಜೂಬಾದಲ್ಲೇ ಗುಂಡು ಹಾರಿದಾಗ ಭಾರತೀಯರನ್ನು ಕರೆದೊಯ್ಯಲು ನಮ್ಮ ವಾಯುಪಡೆಯ ಎರಡು ವಿಮಾನ ಬಂದವು. ನಾನು ಆಗ ಇಲ್ಲಿರಲಿಲ್ಲ. ಪಟ್ಟಿ ತಂದಿಟ್ಟ ಆ ಹುಡುಗ ಇದ್ದ. ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ವಿಶ್ವಸಂಸ್ಥೆಯ ಕ್ಯಾಂಪಿಗೆ ನಡೆದನಂತೆ.

ಮೊನ್ನೆ ಕೇಳಿದೆ, ನಿಜವಾಗಿ ಯಾವಾಗ ಹುಟ್ಟಿದ್ದಪ್ಪಾ ಅಂತ. ಅಮ್ಮ ಹೇಳಿದ್ದು ನೆನಪಿದೆ ಅಂದ: ಮೊದಲ ಮಳೆ ಬಿದ್ದು, ಹೊಳೆ ಬದಿಗೆ ಮೇಯಲು ಹೋದ ದನಗಳು ಊರಿಗೆ ತಿರುಗುವ ಹೊತ್ತು. ಲೆಕ್ಕ ಹಾಕಿದರೆ ನಮ್ಮ ಕಾರಹುಣ್ಣಿಮೆಯ ಆಸುಪಾಸು.

ಕಾರ್ಡಿನಲ್ಲಿ ಜನವರಿ 1 ಅಂತಲೇ ಇದೆ.