ಬೆಟ್ಟಕ್ಕ ಸ್ಲಾಟ್ ಸಿಕ್ಕದೇನ್ರಿ?

ದಸರಾ ಹತ್ತಿರ ಬಂತೆಂದರೆ ಕಲಬುರಗಿಯ ವಾಟ್ಸಾಪ್ ಗ್ರೂಪುಗಳಲ್ಲಿ ಮಂಜು ಇಳಿಯತೊಡಗುತ್ತದೆ. ಹೊರಗೆ ಬೆನ್ನು ಸುಡುವ ಬಿಸಿಲು, ಮೊಬೈಲಿನೊಳಗೆ ಮಡಿಕೇರಿ, ಊಟಿ, ಮುಳ್ಳಯ್ಯನಗಿರಿ. ಈಗ ಹೊಸ ಪ್ರಶ್ನೆಯೊಂದು ಸೇರಿಕೊಂಡಿದೆ: "ಕಾಕಾ, ಬೆಟ್ಟಕ್ಕ ಸ್ಲಾಟ್ ಸಿಕ್ಕದೇನ್ರಿ?"

ಸುದ್ದಿ ಎಲ್ಲರಿಗೂ ಗೊತ್ತಿದ್ದದ್ದೇ. 2025ರ ಸೆಪ್ಟೆಂಬರಿನಿಂದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಶ್ರೇಣಿಗೆ ಮೊದಲೇ ಆನ್‌ಲೈನಿನಲ್ಲಿ ಹೆಸರು ಬರೆಸಬೇಕು. ಬೆಳಗಿನದೊಂದು ಪಾಳಿ, ಮಧ್ಯಾಹ್ನದ್ದೊಂದು. ಊಟಿ, ಕೊಡೈಕೆನಾಲಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದಲೇ ಇ-ಪಾಸ್. ತಪ್ಪೇನಿಲ್ಲ ಬಿಡಿ. ರಾಜ್ಯದ ಅತಿ ಎತ್ತರದ ಶಿಖರಕ್ಕೆ ಹೋಗಿಯೂ ಹಾರ್ನ್ ಹೊಡೆಯುವ ಜನ ನಾವು. ಆದರೆ ವರ್ಷವಿಡೀ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮಾಡಿದವನು ರಜೆಯಲ್ಲಿ ಗುಡ್ಡದ ಮೇಲೂ ಪಾಳಿ ಮಾಡುವ ಯೋಗ ನಮ್ಮ ಕಾಲಕ್ಕೇ ಬರಬೇಕಿತ್ತು.

ವೀಕೆಂಡ್ ಎಂದರೆ ಎರಡು ದಿನ. ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಶನಿವಾರ ಹೋಗಲು, ಭಾನುವಾರ ಬರಲು. ಬೆಟ್ಟವನ್ನು ನಡುವಿನ ರಾತ್ರಿ, ಟಾರ್ಚ್ ಹಾಕಿ ನೋಡಿಕೊಳ್ಳಬೇಕು.

ಪ್ಲಾನಿಂಗ್ ಮಾತ್ರ ಭರ್ಜರಿ. ಒಬ್ಬನಿಗೆ ಡ್ರೋನ್ ಬೇಕು. ಇನ್ನೊಬ್ಬನಿಗೆ ಮಂಜು ಗ್ಯಾರಂಟಿ ಇರುವ ಹೋಂಸ್ಟೇ ಬೇಕು. ಹೆಂಗಸರು ಯಾರ ಮಾತಿಗೂ ಕಾಯದೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟತೊಡಗುತ್ತಾರೆ. ಮಲೆನಾಡಿನ ಅಕ್ಕಿ ರೊಟ್ಟಿಯ ಮೇಲೆ ನಮ್ಮವರಿಗೆ ಇನ್ನೂ ನಂಬಿಕೆ ಹುಟ್ಟಿಲ್ಲ. ಮೂಲೆಯಲ್ಲಿ ಕುಳಿತ ಚಿಗವ್ವನದು ಒಂದೇ ತಕರಾರು: "ಗುಡ್ಡ ನೋಡ್ಲಾಕ ಅಷ್ಟು ದೂರ ಯಾಕ? ಶಹಾಪುರದಾಗ ಬುದ್ಧ ಮಲಗ್ಯಾನ, ಪುಕ್ಕಟ ನೋಡಿ ಬರ್ರಿ."

ಚಿಗವ್ವನ ಮಾತಿಗೆ ಗ್ರೂಪಿನಲ್ಲಿ ಬೆಲೆಯಿಲ್ಲ. ಶಹಾಪುರದ ಗುಡ್ಡಸಾಲು ದೂರದಿಂದ ನೋಡಿದರೆ ಅಂಗಾತ ಮಲಗಿದ ಬುದ್ಧನಂತೆಯೇ ಕಾಣುತ್ತದೆ. ಯಾದಗಿರಿಯಲ್ಲಿ ಊರ ನೆತ್ತಿಯ ಮೇಲೇ ಕೋಟೆಯ ಬೆಟ್ಟವಿದೆ. ಚಿಂಚೋಳಿಯಲ್ಲಿ ಕಾಡಿದೆ, ವನ್ಯಜೀವಿ ಧಾಮವಿದೆ, ಚಂದ್ರಂಪಳ್ಳಿಯ ನೀರಿದೆ. ಮಳೆ ಮುಗಿದ ಹೊಸತರಲ್ಲಿ ಆ ಹಸಿರು ನೋಡಬೇಕು. ಆದರೆ ಟ್ರಾಫಿಕ್ ಜಾಮ್ ಇಲ್ಲ, ನೂರೈವತ್ತು ರೂಪಾಯಿಯ ಮ್ಯಾಗಿ ಇಲ್ಲ; ಅದೆಂಥ ಹಿಲ್ ಸ್ಟೇಷನ್!

ಅಂದಹಾಗೆ, ನಮ್ಮ ಭಾಗದಲ್ಲಿ ನಿಜವಾಗಿ ಟ್ರಿಪ್ ಹೊಡೆಯುವುದು ನೆಲ. ವಾಡಿ, ಮಳಖೇಡ, ಸೇಡಂ ಸುತ್ತಿನ ಸುಣ್ಣದ ಕಲ್ಲು ಪುಡಿಯಾಗಿ, ಸಿಮೆಂಟಾಗಿ, ಚೀಲದೊಳಗೆ ಕೂತು, ಲಾರಿ ಹತ್ತಿ ಊರೂರು ಸುತ್ತುತ್ತದೆ. ಶಹಾಬಾದಿನ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಅದಕ್ಕಿಂತ ಮೊದಲೇ ದೇಶ ನೋಡಿ ಬಂದಿದೆ. ಅದಕ್ಕೆ ಇ-ಪಾಸೂ ಬೇಕಿಲ್ಲ, ಸ್ಲಾಟೂ ಬೇಕಿಲ್ಲ. ಇದೇ ಮಳಖೇಡದಲ್ಲಿ ಕೂತು, ಕಾವೇರಿಯಿಂದ ಗೋದಾವರಿವರೆಗೂ ಕನ್ನಡನಾಡು ಎಂದು ಅಮೋಘವರ್ಷನ ಆಸ್ಥಾನದವರು ಗೆರೆ ಎಳೆದರು. ಪುಣ್ಯವಂತರು. ಕಾರಿನಲ್ಲಿ ಹೋಗಿ ಅಳೆಯುವ ಪ್ರಸಂಗ ಅವರಿಗೆ ಬರಲಿಲ್ಲ.

ಸ್ಲಾಟ್ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಘಾಟಿಯ ತಿರುವುಗಳಿಗೆ ಹೆದರುವ ಕಲಬುರಗಿಯ ಡ್ರೈವರನ್ನು ನಾನಂತೂ ಕಂಡಿಲ್ಲ. ಗುಂಡಿ ತಪ್ಪಿಸಿ ತಪ್ಪಿಸಿ ಸಪಾಟು ನೆಲದಲ್ಲೇ ಹೇರ್‌ಪಿನ್ ಬೆಂಡ್ ಕಲಿತವನು ಅವನು. ಹೊರಡುವ ಮುಂಚೆ ಟೈರ್ ಬದಲಿಸುತ್ತಾನೆ, ವಾಪಸು ಬಂದ ಮೇಲೆ ಸಸ್ಪೆನ್ಷನ್. ಬೆಟ್ಟದ ಖರ್ಚಿಗಿಂತ ಬಯಲಿನ ಖರ್ಚೇ ದೊಡ್ಡದು.

ನಗೆ ಸಾಕು. ನಮ್ಮದು ಶೋಕಿ, ಹೋದರೂ ಆಯಿತು, ಬಿಟ್ಟರೂ ಆಯಿತು. ಇದೇ ರಸ್ತೆಯಲ್ಲಿ ತುಂಬು ಬಸುರಿಯರು ಹೋಗುತ್ತಾರೆ. ಇಲ್ಲಿ ಆಗುವುದಿಲ್ಲ ಎಂದು ಕೈಚೆಲ್ಲಿಸಿಕೊಂಡವರು ಹೈದರಾಬಾದ್, ಸೊಲ್ಲಾಪುರದ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಹೋಗುತ್ತಾರೆ. ಪ್ರತಿ ಗುಂಡಿಗೂ ಒಳಗಿನಿಂದ ನರಳುವ ಸದ್ದು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವೂ ಆಯಿತು, ಬೋರ್ಡುಗಳಿಗೆ ಹೊಸ ಬಣ್ಣ ಬಿತ್ತು. ಹೋದ ಬೇಸಿಗೆಯಲ್ಲಿ ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಹಾರ ಹಾಕಿಸಿಕೊಂಡು ಹಾಕಿದ ಡಾಂಬರು ಒಂದು ಮಳೆಗೆ ಎಲ್ಲಿ ಹೋಯಿತು? ಬಿಲ್ಲಿಗೆ ಸಹಿ ಹಾಕಿದವರು ಯಾರು?