ಅವಧಿ ಮುಗಿದ ಎರಡಕ್ಷರ

ಟೆಕ್ಸಸ್ಸಿನ ಹ್ಯೂಸ್ಟನ್ನಿನ ಜೇಡಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ನಮ್ಮ ಮನೆಯ ಬಾಗಿಲ ಮೇಲೂ ಓರೆಯಾಗಿ ಒಂದು ಬಿರುಕು ಕಾಣಿಸಿದಾಗ, ನೆರೆಯವರು ಹೇಳಿದ ಹಿರಿಯ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿದೆ. ಅವರು ಕೊಟ್ಟ ಕಾರ್ಡಿನಲ್ಲಿ ಹೆಸರಿನ ಪಕ್ಕದ ‘ಪಿ.ಇ.’ (ಪ್ರೊಫೆಷನಲ್ ಎಂಜಿನಿಯರ್, ಅಂದರೆ ರಾಜ್ಯದ ಪರವಾನಗಿ ಪಡೆದವರು) ಎಂಬ ಎರಡಕ್ಷರದ ಮೇಲೆ ನೀಲಿ ಪೆನ್ನಿನ ಗೆರೆ. ಪರವಾನಗಿ ನವೀಕರಿಸಿಲ್ಲ, ಕಂಡದ್ದನ್ನು ಹೇಳುತ್ತೇನೆ, ಮೊಹರು ಹಾಕಿದ ವರದಿ ಮಾತ್ರ ಕೊಡಲಾರೆ ಎಂದರು. ದುಡ್ಡನ್ನೂ ಮುಟ್ಟಲಿಲ್ಲ. ಅವಧಿ ಮುಗಿದಮೇಲೂ ಆ ಎರಡಕ್ಷರವನ್ನು ಜಾಹೀರಾತಿನಲ್ಲಿ ಹಾಕಿಕೊಂಡರೆ ತಪ್ಪೇನು ಎನ್ನುವವರಿಗೆ ಆ ಗೆರೆಯೇ ಉತ್ತರ.

ಊರಿನಲ್ಲಿ ಸೋದರಮಾವ ಮನೆ ಕಟ್ಟಿಸಿದಾಗ ನಕ್ಷೆಗೆ ಬಿದ್ದ ಸೀಲಿನಲ್ಲಿ ನೋಂದಣಿ ಸಂಖ್ಯೆಯೇನೋ ಇತ್ತು, ಅದು ಎಂದಿನವರೆಗೆ ಎಂಬುದಿರಲಿಲ್ಲ. ಕೇಳೋಣವೇ ಎಂದದ್ದಕ್ಕೆ ಮಾವ, “ದೊಡ್ಡ ಮನುಷ್ಯರಪ್ಪ, ಅವರನ್ನು ಹಾಗೆಲ್ಲ ಕೇಳುತ್ತಾರೇನೋ?” ಎಂದು ನನ್ನನ್ನೇ ಗದರಿದರು. ಕೇಳುವುದೇ ಅವಮರ್ಯಾದೆ ಎಂದಮೇಲೆ ಸೀಲಿಗೆ ಮುಪ್ಪೆಲ್ಲಿಂದ ಬರಬೇಕು?

ಟೆಕ್ಸಸ್ಸಿನಲ್ಲಿ ಈ ಪರವಾನಗಿಗೆ ವರ್ಷವರ್ಷವೂ ನವೀಕರಣ. ಅದಕ್ಕೆ 15 ಗಂಟೆಗಳ ಕಲಿಕೆ, ಅದರಲ್ಲೊಂದು ಗಂಟೆ ವೃತ್ತಿನೀತಿಗೆ. ಯಾರ ಪರವಾನಗಿ ಚಾಲ್ತಿಯಲ್ಲಿದೆ ಎಂಬುದನ್ನು ಪರವಾನಗಿ ಕೊಡುವ ಮಂಡಳಿಯ ಪಟ್ಟಿಯಲ್ಲಿ ಯಾರು ಬೇಕಾದರೂ ನೋಡಬಹುದು. ಈ ಬಿಗಿ ಸುಮ್ಮನೆ ಬಂದದ್ದಲ್ಲ. 1937ರಲ್ಲಿ ಇದೇ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ ಸ್ಫೋಟಿಸಿತು. ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅದೇ ವರ್ಷ ಎಂಜಿನಿಯರುಗಳ ಪರವಾನಗಿಯ ಕಾಯ್ದೆ ಬಂತು.

ಪರೀಕ್ಷೆ ಪಾಸಾದದ್ದು ಸುಳ್ಳಲ್ಲವಲ್ಲ, ಅವಧಿ ಮುಗಿದರೂ ‘ಪಿ.ಇ.’ ಎಂದು ಹಾಕಿಕೊಂಡರೇನು ಎನ್ನುವವರಿದ್ದಾರೆ. ಸುಳ್ಳಲ್ಲ, ನಿಜ. ಆದರೆ ಜಾಹೀರಾತು ಕೊಡುವುದು ನಾಳೆಯ ಕೆಲಸ ಹಿಡಿಯಲು. ಗೋಡೆ ಬಿರಿದವನು ಅದನ್ನು ನಂಬಿಯೇ ಫೋನ್ ಮಾಡುತ್ತಾನೆ. ‘ಇಂಥ ಇಸವಿಯವರೆಗೆ ಪರವಾನಗಿ ಇತ್ತು’ ಎಂದು ಹಾಕಿಕೊಳ್ಳಲಿ, ಯಾರ ತಕರಾರೂ ಇಲ್ಲ. ನಮ್ಮಲ್ಲೂ ಗೇಟಿನ ಫಲಕದಲ್ಲಿ ‘ನಿವೃತ್ತ’ ಎಂದು ಕಂಸದಲ್ಲಿ ಬರೆಸುವ ಮುಖ್ಯ ಎಂಜಿನಿಯರುಗಳು ಎಷ್ಟೋ ಮಂದಿ. ಆ ಕಂಸ ಲೆಟರ್‌ಹೆಡ್ಡಿಗೆ ಬರುವಷ್ಟರಲ್ಲಿ ಎಲ್ಲಿ ಉದುರಿಹೋಗುತ್ತದೋ!

ಇಷ್ಟೆಲ್ಲ ಬೈದಮೇಲೆ ಒಪ್ಪಬೇಕಾದದ್ದೂ ಇದೆ. ಭಾರತದಲ್ಲಿ ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ, ಎಂಜಿನಿಯರುಗಳಿಗೆ ಅಂಥ ದೇಶವ್ಯಾಪಿ ಕಾಯ್ದೆಯಿಲ್ಲ. ಬಿ.ಇ. ಪದವಿಗಂತೂ ಅವಧಿಯೇ ಇಲ್ಲ. ಟೆಕ್ಸಸ್ಸಿನಲ್ಲಿಯೂ ಕಂಪನಿಯೊಳಗೆ ದುಡಿಯುವ ನನ್ನಂಥ ಎಂಜಿನಿಯರುಗಳಿಗೆ ಪರವಾನಗಿಯಿಂದ ವಿನಾಯಿತಿ. ಆ ಪರೀಕ್ಷೆಯ ಗೋಜಿಗೆ ನಾನು ಹೋದವನೇ ಅಲ್ಲ. ಬಿಗಿ ಅತಿಯಾದದ್ದೂ ಉಂಟು. ಸಿಗ್ನಲ್ಲಿನ ಹಳದಿ ದೀಪದ ಲೆಕ್ಕ ತಪ್ಪಿದೆ ಎಂದು ಒರೆಗಾನ್ ರಾಜ್ಯದ ಎಂಜಿನಿಯರಿಂಗ್ ಮಂಡಳಿಗೆ ಬರೆದವರೊಬ್ಬರು ತಮ್ಮನ್ನು ಎಂಜಿನಿಯರ್ ಎಂದು ಕರೆದುಕೊಂಡರು. ಸ್ವೀಡನ್ನಿನ ಪದವಿ ಇದ್ದರೂ ಆ ರಾಜ್ಯದ ಪರವಾನಗಿ ಇಲ್ಲವೆಂದು 500 ಡಾಲರ್ ದಂಡ ಬಿತ್ತು. 2018ರಲ್ಲಿ ಫೆಡರಲ್ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು; ಸರಿಯಾಗಿಯೇ ಕೊಟ್ಟಿತು. ಅವರು ಯಾರ ಮನೆಯ ಕೆಲಸ ಹಿಡಿಯಲೂ ಹೊರಟಿರಲಿಲ್ಲ.